ಓರೆ ಕಡಿತದ ವೃತ್ತ

ಚಂದಯ್ಯ ಶೆಟ್ಟರ ಗಣಿತದ ಸಾಧನೆಯಲ್ಲಿ ತೂತು ಇದೆಯೆಂದು ಜಲಜಳಿಗೆ ಗೊತ್ತಾದಾಗ ಅವರ ಉಪನ್ಯಾಸಕ್ಕೆ ಇನ್ನು ಕೆಲವೇ ದಿನ ಉಳಿದಿತ್ತು. ಗೊತ್ತಾದದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಲ್ಲ, ಕುಂದಾಪುರದ ತನ್ನ ಮನೆಯ ಅಡುಗೆಮನೆಯಲ್ಲಿ, ಕೈಯಲ್ಲಿ ಚೂರಿ ಹಿಡಿದು ಸೌತೆಕಾಯಿ ಕೊಯ್ಯುತ್ತಿದ್ದಾಗ.

ಅದು ೨೦೦೫ನೇ ಇಸವಿ. ಶೆಟ್ಟರು ಮೂಲತಃ ಹಾಲಾಡಿ ಕಡೆಯವರು. ಕುಂದಾಪುರದ ಕಾಲೇಜೊಂದರಲ್ಲಿ ಬಹಳ ಕಾಲ ಗಣಿತ ಕಲಿಸಿ, ನಿವೃತ್ತರಾದ ಮೇಲೆ ಹೆಂಡತಿ ಸೀತಕ್ಕನ ಜೊತೆ ಬ್ರಹ್ಮಾವರದಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿ ಮನೆ ಹಿಡಿದಿದ್ದರು. ಜಲಜ ಅವರ ವಿದ್ಯಾರ್ಥಿನಿ. ಕೋಡಿಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ ಪದ್ದುವಿನ ಮಗಳು ಎಂ.ಎಸ್ಸಿ. ಓದಲು ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗಬೇಕು ಎಂದು ಹಟ ಹಿಡಿದು, ಮನೆಗೇ ಬಂದು ಕೂತು, ಅವಳ ಅಪ್ಪನನ್ನು ಒಪ್ಪಿಸಿದವರು ಅವರೇ. ಈಗ ಅವಳು ಅವರಿದ್ದ ಕಾಲೇಜಿನಲ್ಲೇ ಉಪನ್ಯಾಸಕಿ. ಗಂಡ ರಾಜೀವ ಗಂಗೊಳ್ಳಿ ಬಂದರಿನಲ್ಲಿ ಮೀನಿನ ವ್ಯಾಪಾರಿ. ಕೆಲಸದ ಜೊತೆಗೇ ಪಿಎಚ್.ಡಿ.ಗೂ ಸೇರಿದ್ದಳು, ಶೆಟ್ಟರು ಮೂವತ್ತು ವರ್ಷದಿಂದ ಬೆನ್ನು ಹತ್ತಿದ್ದ ಪ್ರಶ್ನೆಯನ್ನೇ ಹಿಡಿದು.

ಆ ಪ್ರಶ್ನೆಯನ್ನು ಶೆಟ್ಟರು ಯಾರಿಗೆ ಬೇಕಾದರೂ ವಿವರಿಸುತ್ತಿದ್ದರು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ. ಎಲ್ಲಿಯೂ ತಗ್ಗಿಲ್ಲದೆ ಉಬ್ಬಿಕೊಂಡಿರುವ ಒಂದು ಘನ ವಸ್ತು ಇದೆ ಎನ್ನಿ. ಅದನ್ನು ಯಾವ ದಿಕ್ಕಿನಿಂದಲಾದರೂ ನೇರವಾಗಿ ಒಂದೇ ಏಟಿಗೆ ಕೊಯ್ಯಿರಿ. ಕೊಯ್ದ ಮುಖವನ್ನು ಕಾಗದದ ಹಾಗೆ ನಡುವೆ ಮಡಚಿದರೆ ಒಂದು ಅರ್ಧ ಇನ್ನೊಂದು ಅರ್ಧದ ಮೇಲೆ ಸರಿಯಾಗಿ ಕೂರುತ್ತದೆ ಎನ್ನಿ. ಒಂದು ಕಡಿತದಲ್ಲಿ ಮಾತ್ರವಲ್ಲ, ಎಷ್ಟು ರೀತಿಯಲ್ಲಿ ಕೊಯ್ದರೂ ಹೀಗೆಯೇ. ಹಾಗಾದರೆ ಆ ವಸ್ತು ಎಂಥದು? ಒಂದೋ ಅದು ಕುಂಬಾರನ ತಿಗರಿಯ ಮೇಲೆ ತಿರುಗಿಸಿ ಮಾಡಿದಂಥ ಗುಂಡಾಕಾರ, ಇಲ್ಲವೇ ಎಲಿಪ್ಸಾಯ್ಡ್, ಅಂದರೆ ಚೆಂಡನ್ನು ಬೇರೆ ಬೇರೆ ದಿಕ್ಕಿನಲ್ಲಿ ಹದವಾಗಿ ಎಳೆದೋ ಒತ್ತಿಯೋ ಮಾಡಿದ ಆಕಾರ. ಇವೆರಡು ಬಿಟ್ಟರೆ ಮೂರನೆಯದು ಸಾಧ್ಯವಿಲ್ಲ ಎಂದು ಶೆಟ್ಟರ ನಂಬಿಕೆ. ನಂಬಿಕೆ ಬೇರೆ, ಅದು ನಿಜವೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಸಾಧನೆ ಬೇರೆ. ಹಿಂದಿನ ವರ್ಷ ಅವರಿಗೆ ಸಾಧನೆಯೂ ಸಿಕ್ಕಿತು. ಜಲಜ ಅದನ್ನು ತಿದ್ದಿ, ಬೆರಳಚ್ಚು ಮಾಡಿ, ಇಬ್ಬರ ಹೆಸರಿನಲ್ಲಿ ಒಂದು ಗಣಿತ ಪತ್ರಿಕೆಗೆ ಕಳಿಸಿದಳು. ಪತ್ರಿಕೆಯವರು ಒಪ್ಪಿದರು. ಕಾಲೇಜಿನವರು ಶನಿವಾರ ಒಂದು ಉಪನ್ಯಾಸ, ಆಮೇಲೆ ಸನ್ಮಾನ ಎಂದು ನಿಶ್ಚಯಿಸಿದರು. ಕೊಣಾಜೆಯಿಂದಲೂ ಪ್ರಾಧ್ಯಾಪಕರು ಬರುವವರಿದ್ದರು.

ಉಪನ್ಯಾಸಕ್ಕೆ ಬರುವ ಮಕ್ಕಳಿಗೆ ತೋರಿಸಲು ಏನಾದರೂ ಇರಲಿ ಎಂದು ಜಲಜ ಸಂತೆಯಿಂದ ಹುಳಿಗೆ ಹಾಕುವ ಬಣ್ಣದ ಸೌತೆಕಾಯಿ ತಂದಿದ್ದಳು. ನೆಲಕ್ಕೆ ಒತ್ತಿಕೊಂಡು ಬೆಳೆದದ್ದರಿಂದ ಅವು ಸ್ವಲ್ಪ ಚಪ್ಪಟೆಯಾಗಿದ್ದವು. ಒಂದನ್ನು ಅಡ್ಡಕ್ಕೆ ಕೊಯ್ದಳು. ಮುಖ ಅಗಲಕ್ಕೆ ಉದ್ದ, ಎತ್ತರಕ್ಕೆ ಗಿಡ್ಡ. ಇನ್ನೊಂದನ್ನು ಚೂರಿ ಸ್ವಲ್ಪ ಓರೆ ಮಾಡಿ ಕೊಯ್ದಳು. ಅಗಲ ಅಷ್ಟೇ ಇತ್ತು, ಎತ್ತರ ಬೆಳೆದಿತ್ತು. ಮತ್ತಷ್ಟು ಓರೆ ಮಾಡಿದಾಗ ಎತ್ತರವೇ ಅಗಲವನ್ನು ಮೀರಿತು. ಅವಳ ಕೈ ಅಲ್ಲಿಯೇ ನಿಂತಿತು. ಮೊದಲು ಅಗಲ ಹೆಚ್ಚಿತ್ತು, ಆಮೇಲೆ ಎತ್ತರ ಹೆಚ್ಚಾಯಿತು. ನಡುವೆ ಎಲ್ಲೋ ಒಂದು ಓರೆಯಲ್ಲಿ ಎರಡೂ ಸಮ ಆಗಲೇಬೇಕು. ಅಲ್ಲಿ ಕೊಯ್ದರೆ ಮುಖ ದೀರ್ಘವೃತ್ತ ಅಲ್ಲ, ಬರೀ ವೃತ್ತ.

ಇದು ಅವಳಿಗೆ ತಿಳಿಯದ ಸಂಗತಿಯೇನಲ್ಲ, ಪುಸ್ತಕದಲ್ಲಿ ಓದಿದ್ದಳು. ಆದರೆ ಶೆಟ್ಟರ ಸಾಧನೆಯ ಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಅವರ ಸಾಧನೆ ಪೂರ್ತಿ ನಿಂತದ್ದು ಒಂದು ಮಾತಿನ ಮೇಲೆ. ಚೂರಿಯನ್ನು ನಿಧಾನಕ್ಕೆ ಓರೆ ಮಾಡುತ್ತ ಹೋದರೆ ಮುಖವನ್ನು ಮಡಚುವ ಗೆರೆ, ಮಡಿಕೆಗೆರೆ, ಅದೂ ನಿಧಾನಕ್ಕೆ ತಿರುಗುತ್ತದೆ, ಎಲ್ಲಿಯೂ ಜಿಗಿಯುವುದಿಲ್ಲ ಎಂಬ ಮಾತು. ಉದ್ದ ಗಿಡ್ಡ ಇರುವ ಮುಖಕ್ಕೆ ಅದು ನಿಜ. ವೃತ್ತಕ್ಕೆ ಹೇಗೆ ನಿಜವಾದೀತು? ವೃತ್ತವನ್ನು ಎಲ್ಲಿ ಮಡಚಿದರೂ ಸರಿಯೇ. ಅಲ್ಲಿಗೆ ಬಂದಾಗ ಯಾವ ಗೆರೆ ಎಂದು ಹೇಳುವುದಕ್ಕೆ ಆಗುವುದಿಲ್ಲ. ಆಚೆ ದಾಟಿದ ಮೇಲೆ ಉದ್ದದ ಗೆರೆ ನೆಟ್ಟಗೆ ಅಡ್ಡ ತಿರುಗಿ ನಿಂತಿರುತ್ತದೆ.

ಆ ದಿನ ಮನೆಯಲ್ಲಿ ಸೌತೆಕಾಯಿ ಹುಳಿ, ಸೌತೆಕಾಯಿ ಪಲ್ಯ. ಮೀನಿನ ಮನೆಯಲ್ಲಿ ಇದೇನು ಎಂದು ರಾಜೀವ ಕೇಳಿದ. ಅವಳು ಅವನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು.

ಮರುದಿನ, ಬುಧವಾರ, ಎರಡು ತರಗತಿ ಮುಗಿಸಿ ಅರ್ಧ ದಿನ ರಜೆ ಹಾಕಿ ಬ್ರಹ್ಮಾವರದ ಬಸ್ಸು ಹತ್ತಿದಳು. ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ಒಂದೊಂದಾಗಿ ಹಿಂದೆ ಹೋದವು. ಹೇಗೆ ಶುರು ಮಾಡುವುದು ಎಂದು ಮಾತು ಜೋಡಿಸಿಕೊಂಡಳು. ಸಾಸ್ತಾನ ದಾಟುವಾಗ ಜೋಡಿಸಿದ್ದೆಲ್ಲ ಚದುರಿತು.

ಬಾಗಿಲು ತೆಗೆದವರು ಸೀತಕ್ಕ. ಅವರು ಜಲಜಳನ್ನು ಒಳಗೆ ಕರೆಯುವ ಮೊದಲು ಮೆಟ್ಟಿಲಿನಲ್ಲೇ ನಿಲ್ಲಿಸಿ ಮೆಲ್ಲಗೆ ಮಾತಾಡಿದರು. ಶೆಟ್ಟರ ಬಿ.ಪಿ. ಮತ್ತೆ ಏರಿದೆ, ಡಾಕ್ಟರು ಮಾತ್ರೆ ಹೆಚ್ಚು ಮಾಡಿದ್ದಾರೆ, ಎದೆಯಲ್ಲಿ ಒಮ್ಮೊಮ್ಮೆ ಹಿಡಿದ ಹಾಗೆ ಆಗುತ್ತದಂತೆ. ಆದರೂ ಇಷ್ಟು ಖುಷಿಯಲ್ಲಿ ಅವರನ್ನು ಕಂಡು ಎಷ್ಟೋ ಕಾಲವಾಯಿತು.

“ಈ ಶನಿವಾರ ಒಂದ್ ಸುಸೂತ್ರ ಕಳೀಲಿ ಅಂದೇಳಿ ದೇವ್ರಿಗೆ ಹೇಳ್ಕಂಡಿದ್ದೆ, ಜಲಜ. ಮನ್ಸಿಗೆ ಬೇಜಾರ್ ಆಪುದ್ ಎಂತದೂ ಅವ್ರ್ ಹತ್ರ ಮಾತಾಡ್ಬೇಡ, ಆಯ್ತಾ?” ಎಂದರು ಸೀತಕ್ಕ.

ಒಳಗೆ ಶೆಟ್ಟರು ಇಸ್ತ್ರಿ ಮಾಡಿಸಿದ ಹೊಸ ಅಂಗಿಯನ್ನು ಕುರ್ಚಿಗೆ ನೇತುಹಾಕಿ, ಅದರ ಎದುರಿಗೇ ನಿಂತು ಉಪನ್ಯಾಸದ ತಾಲೀಮು ನಡೆಸಿದ್ದರು. ಜಲಜಳನ್ನು ಕೂರಿಸಿ ಮೊದಲಿನಿಂದ ಹೇಳಿ ತೋರಿಸಿದರು. ಮಡಿಕೆಗೆರೆಯ ಮಾತು ಬಂದಾಗ ಈಗ ಹೇಳುತ್ತೇನೆ ಅಂದುಕೊಂಡಳು. ಅಷ್ಟರಲ್ಲಿ ಸೀತಕ್ಕ ಕೋಳಿಸಾರು, ನೀರುದೋಸೆ ತಂದಿಟ್ಟರು. ಜಲಜ ತಿಂದಳು. ಚೆನ್ನಾಗಿದೆ ಸರ್ ಎಂದಳು. ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದಳು.

ಮನೆಗೆ ಬಂದವಳು ರಾಜೀವನಿಗೆ ಎಲ್ಲವನ್ನೂ ಹೇಳಿದಳು. ಅವನಿಗೆ ಗಣಿತ ಅರ್ಥವಾಗಲಿಲ್ಲ, ಭಯ ಅರ್ಥವಾಯಿತು. ಪತ್ರಿಕೆಯವರ ಕಣ್ಣಿಗೇ ಬೀಳದ್ದು ಇನ್ನು ಯಾರ ಕಣ್ಣಿಗೆ ಬೀಳುತ್ತದೆ ಎಂದು ಮೊದಲು ಸಮಾಧಾನ ಮಾಡಿದ. ಆಮೇಲೆ, ಕೊಣಾಜೆಯವರು ಅಷ್ಟು ಜನರ ಎದುರು ಎದ್ದು ಕೇಳಿಬಿಟ್ಟರೆ ಮೇಷ್ಟ್ರ ಗತಿ ಏನು ಎಂದು ಅವನೇ ಕೇಳಿದ. ಜಲಜಳಿಗೆ ಆಗ ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಅವಳ ಪಿಎಚ್.ಡಿ. ಪ್ರಬಂಧದ ಅರ್ಧ ಭಾಗ ಇದೇ ಸಾಧನೆಯ ಮೇಲೆ ಕಟ್ಟಿದ್ದು. ಇದು ಬಿದ್ದರೆ ಅದೂ ಬಿತ್ತು. ತಾನು ಸುಮ್ಮನಿರುವುದು ಮೇಷ್ಟ್ರ ಎದೆಯ ಕಾಳಜಿಯಿಂದಲೋ ತನ್ನ ಪದವಿಯ ಆಸೆಯಿಂದಲೋ ಅವಳಿಗೇ ತಿಳಿಯಲಿಲ್ಲ. ಗುರುವಾರ ತರಗತಿಯಲ್ಲಿ ಎರಡು ಸಲ ಲೆಕ್ಕ ತಪ್ಪಿದಳು. ಮಕ್ಕಳು ಮುಖ ಮುಖ ನೋಡಿಕೊಂಡರು.

ಶುಕ್ರವಾರ ಸಂಜೆ ಮತ್ತೆ ಹೋದಳು. ಈ ಸಲ ಸೀತಕ್ಕ ಅಂಗಡಿಗೆ ಹೋಗಿದ್ದರು. ಕೂರುವ ಮೊದಲೇ ಹೇಳಿದಳು. ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

ಶೆಟ್ಟರು ಮೊದಲು ನಕ್ಕರು. ವೃತ್ತದ ವಿಷಯ ತನಗೆ ಗೊತ್ತಿಲ್ಲವೇ, ಅದು ಸಣ್ಣ ತೊಡಕು, ಆ ಕಡಿತಗಳನ್ನು ಬದಿಗಿಟ್ಟರಾಯಿತು ಎಂದರು. ವೃತ್ತದ ಕಡಿತವೇ ಇಲ್ಲದ ಘನಗಳಿಗೆ ಮಾತ್ರ ಪ್ರಮೇಯ ಹೇಳಿದರೆ ಮುಗಿಯಿತಲ್ಲ ಎಂದು ಕಾಗದ ಎಳೆದುಕೊಂಡು ಬರೆಯತೊಡಗಿದರು.

ಜಲಜ ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಿದ್ದಳು. “ಸರ್, ಎಲಿಪ್ಸಾಯ್ಡಿನ ಒಳಗೇ ವೃತ್ತ ಇತ್ತ್. ಪ್ರತಿಯೊಂದ್ರಲ್ಲೂ ಇತ್ತ್. ಅದನ್ನ್ ಬದಿಗಿಟ್ರೆ ಎಲಿಪ್ಸಾಯ್ಡೇ ಹೊರಗ್ ಹೋತ್ತ್. ನಾವ್ ಯಾವ್ದನ್ನ್ ಹಿಡೀಕ್ ಅಂದೇಳಿ ಹೊರಟಿದ್ತೋ ಅದೇ ಕೈಯಲ್ಲಿ ಇಪ್ಪುದಿಲ್ಲೆ.”

ಶೆಟ್ಟರ ಪೆನ್ನು ಕಾಗದದ ಮೇಲೆ ನಿಂತಿತು. ಜಲಜ ಅವರ ಎದೆಯನ್ನೇ ನೋಡುತ್ತಿದ್ದಳು, ಉಸಿರು ಸರಿಯಾಗಿ ಆಡುತ್ತಿದೆಯೇ ಎಂದು. ಕೊನೆಗೆ ಅವರು, ಅವಳ ಮುಖ ನೋಡದೆ, ನಾಳೆ ಬೆಳಿಗ್ಗೆ ತಾನೇ ಬರುತ್ತೇನೆ, ಕಾರು ಕಳಿಸುವುದು ಬೇಡ, ನೀನಿನ್ನು ಹೊರಡು ಎಂದರು. ಮೆಟ್ಟಿಲಿಳಿಯುವಾಗ ಸೀತಕ್ಕ ಎದುರಾದರು. ಜಲಜಳ ಮುಖ ಕಂಡವರೇ ಏನೂ ಕೇಳದೆ ಮೇಲಕ್ಕೆ ಓಡಿದರು.

ಶನಿವಾರ ಸಭಾಂಗಣ ತುಂಬಿತ್ತು. ಶೆಟ್ಟರು ಹೊಸ ಅಂಗಿಯಲ್ಲಿ ಬಂದರು, ಜಲಜಳ ಕಡೆ ತಿರುಗಲಿಲ್ಲ. ಪಾರದರ್ಶಕ ಹಾಳೆಗಳನ್ನು ಒಂದೊಂದಾಗಿ ಪ್ರೊಜೆಕ್ಟರಿನ ಮೇಲಿಟ್ಟು ವಿವರಿಸತೊಡಗಿದರು. ಸ್ವರ ಗಟ್ಟಿಯಾಗಿತ್ತು, ನಗಬೇಕಾದಲ್ಲಿ ಮಕ್ಕಳನ್ನು ನಗಿಸಿದರು. ಜಲಜ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೊಣಾಜೆಯ ಪ್ರಾಧ್ಯಾಪಕರು ತೊಡೆಯ ಮೇಲೆ ಕಾಗದವಿಟ್ಟು ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಅವರ ಪೆನ್ನು ಅಲುಗಿದಾಗಲೆಲ್ಲ ಅವಳು ಆ ಕಾಗದದತ್ತ ಇಣುಕುತ್ತಿದ್ದಳು. ಶೆಟ್ಟರು ಇಲ್ಲಿಯೇ ನಿಲ್ಲಿಸುತ್ತಾರೆ, ಮುಂದೆ ತೊಡಕಿದೆ ಎಂದು ಹೇಳಿಬಿಡುತ್ತಾರೆ ಎಂದು ಕಾದಳು.

ಮಡಿಕೆಗೆರೆಯ ಹಾಳೆ ಬಂತು. ಶೆಟ್ಟರು ಅದನ್ನು ಇಟ್ಟರು. ಬಾಯಿ ತೆರೆದರು. ಕೈಯಲ್ಲಿದ್ದ ಕಡ್ಡಿಯಿಂದ ಹಾಳೆಯ ತುದಿಯನ್ನು ಸುಮ್ಮನೆ ಮುಟ್ಟಿದರು. ಆಮೇಲೆ, ಇದು ಸುಲಭ, ವಿವರ ನಮ್ಮ ಲೇಖನದಲ್ಲಿದೆ ಎಂದು ಹೇಳಿ ಹಾಳೆ ಬದಲಿಸಿದರು.

ಯಾರೂ ಏನೂ ಕೇಳಲಿಲ್ಲ. ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು, ಹಾರ ಹಾಕಿದರು. ಪ್ರಾಧ್ಯಾಪಕರು ಕೈಕುಲುಕಿ ಲೇಖನದ ಒಂದು ಪ್ರತಿ ಕಳಿಸಿ ಎಂದರು, ಶೆಟ್ಟರು ಆಗಲಿ ಎಂದರು. ಅಪಾಯ ಕಳೆಯಿತು ಎಂದು ಜಲಜಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಶೆಟ್ಟರು ಸುಳ್ಳು ಹೇಳಿದ್ದನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಈಗ ಕಂಡಳು. ಆ ಸಭೆಯಲ್ಲಿ ಅದನ್ನು ಕಂಡವಳು ತಾನೊಬ್ಬಳೇ ಎಂಬುದು ಇನ್ನೂ ಭಾರವಾಯಿತು. ಊಟದ ಎಲೆಯ ಮುಂದೆ ಕೂರದೆ ಸೀತಕ್ಕ ತಲೆನೋವೆಂದು ಗಂಡನನ್ನು ಕರೆದುಕೊಂಡು ಹೋದರು.

ಆಮೇಲಿನ ದಿನಗಳು ಕಷ್ಟದವು. ಫೋನು ರಿಂಗಾದರೆ ಹೆದರಿಕೆ, ಆಗದಿದ್ದರೂ ಹೆದರಿಕೆ. ಅವಳು ಮಾಡಿದರೆ ಬ್ರಹ್ಮಾವರದ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪತ್ರಿಕೆಯವರು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಇಬ್ಬರ ಒಪ್ಪಿಗೆ ಬೇಕು ಎಂದು ಇಮೇಲ್ ಕಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ಸಿಹಿ ಯಾವಾಗ ಎಂದು ಕೇಳುತ್ತಿದ್ದರು. ಕೊನೆಗೆ ಅವಳು ನಿರ್ಧಾರ ಮಾಡಿದಳು. ತನ್ನ ಒಪ್ಪಿಗೆ ಇಲ್ಲ ಎಂದು ಬರೆಯುವುದು. ಆದರೆ ಮೇಷ್ಟ್ರಿಗೆ ಹೇಳದೆ ಬರೆಯಬಾರದು. ಇದೊಂದನ್ನು ಅವರ ಮುಖ ನೋಡಿಯೇ ಹೇಳಬೇಕು.

ಬ್ರಹ್ಮಾವರದಲ್ಲಿ ಇಳಿದು ನೋಡಿದರೆ ಮನೆಗೆ ಬೀಗ. ಕೆಳಗಿನ ಅಂಗಡಿಯ ದುಗ್ಗಪ್ಪನನ್ನು ಕೇಳಿದಳು. ಬೆಳಿಗ್ಗೆಯೇ ರಿಕ್ಷಾ ತರಿಸಿ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು, ಕುಂದಾಪುರಕ್ಕೆ ಎಂದರು, ಶೆಟ್ಟರ ಮುಖ ನೋಡಿದರೆ ಹುಷಾರಿಲ್ಲದ ಹಾಗಿತ್ತು, ಅಕ್ಕ ಕೈ ಹಿಡಿದುಕೊಂಡಿದ್ದರು ಎಂದ ಅವನು.

ಕುಂದಾಪುರಕ್ಕೆ ಎಂದರೆ ಆಸ್ಪತ್ರೆಗೇ. ಬೇರೆ ಏನಿದೆ ಅವರಿಗೆ ಅಲ್ಲಿ? ಜಲಜ ವಾಪಸು ಬಸ್ಸಿನಲ್ಲಿ ಕೂತಳು, ಕೂತಲ್ಲಿ ಕೂರಲಾಗಲಿಲ್ಲ. ಶುಕ್ರವಾರ ತಾನು ಬಾಯಿ ತೆರೆಯದಿದ್ದರೆ ಏನಾಗುತ್ತಿತ್ತು? ಒಂದು ಸಾಧನೆ ತಪ್ಪಾಗಿ ಉಳಿಯುತ್ತಿತ್ತು, ಅಷ್ಟೇ. ಲೋಕದಲ್ಲಿ ಯಾರ ಗಂಟೂ ಹೋಗುತ್ತಿರಲಿಲ್ಲ. ಒಂದು ಮುದಿ ಜೀವಕ್ಕಿಂತ ಆ ಗೆರೆ ದೊಡ್ಡದಾಗಿತ್ತೇ? ಕೋಟದಲ್ಲಿ ಕಂಡಕ್ಟರ್ ಮೇಲಿಂದ ಮೇಲೆ ಯಾರನ್ನೋ ಹತ್ತಿಸಿಕೊಳ್ಳುತ್ತಿದ್ದ. ಬೇಗ ಹೋಗಿ ಎಂದು ಅವಳು ಜೋರಾಗಿಯೇ ಹೇಳಿಬಿಟ್ಟಳು, ಸುತ್ತಲಿನವರು ತಿರುಗಿ ನೋಡಿದರು.

ಕುಂದಾಪುರದಲ್ಲಿ ಇಳಿದು ಶಾಸ್ತ್ರಿ ಸರ್ಕಲ್ಲಿಗೆ ಹತ್ತಿರದ ಆಸ್ಪತ್ರೆಗೆ ಹೋದಳು. ಆ ಹೆಸರಿನವರು ಬಂದಿಲ್ಲ ಎಂದರು. ಇನ್ನೊಂದಕ್ಕೆ ಹೋದಳು, ಅಲ್ಲಿಯೂ ಇಲ್ಲ. ಮೂರನೆಯ ಕಡೆ ಒಬ್ಬರು ಶೆಟ್ಟರು ಐ.ಸಿ.ಯು.ನಲ್ಲಿದ್ದಾರೆ ಎಂದಾಗ ಅವಳು ಗೋಡೆಗೆ ಒರಗಿದಳು. ವಿಚಾರಿಸಿದರೆ ಅವರು ಬೈಂದೂರಿನ ಯಾರೋ, ನಡುವಯಸ್ಸಿನವರು. ಆ ಹೊತ್ತಿಗೆ ಮೊಬೈಲು ಹೊಡೆದುಕೊಂಡಿತು. ರಾಜೀವ.

“ಹ್ವಾಯ್, ಎಲ್ಲಿದ್ದೆ? ಮೇಷ್ಟ್ರ್ ಮನಿಗೆ ಬಂದ್ ಕೂಕಂಡಿದ್ರ್. ಕಾಲೇಜಿಗೆ ಹೋದ್ರಂಬ್ರ್, ನೀ ಇಲ್ಲೆ ಅಂದ್ರಂಬ್ರ್. ಅಡ್ಡಿಲ್ಲೆ, ಆರಾಮ್ ಇದ್ರ್. ಗಂಜಿ ಉಂಡ್ರ್.”

ಹೆದ್ದಾರಿಯಲ್ಲಿ ಎರಡು ಬಸ್ಸುಗಳು ಎದುರುಬದುರಾಗಿ ದಾಟಿದ್ದವು, ಅಷ್ಟೇ. ಜಲಜ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ಮನೆಯಲ್ಲಿ ಸೀತಕ್ಕ ಜಲಜಳ ತಾಯಿ ಪದ್ದುವಿನ ಜೊತೆ ಒಳಗೆ ಮಾತಾಡುತ್ತಿದ್ದರು. ಶೆಟ್ಟರು ಜಗಲಿಯಲ್ಲಿ ಕೂತಿದ್ದರು. ಅವಳು ಬಂದದ್ದನ್ನು ಕಂಡರೂ ಮುಖ ಸಡಿಲವಾಗಲಿಲ್ಲ. ಪತ್ರಿಕೆಗೆ ತಾನೇ ಬರೆದಾಯಿತು, ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು. ಕೊಣಾಜೆಗೂ ಬರೆದಾಯಿತು, ತೂತು ಎಲ್ಲಿದೆ, ಕಂಡವರು ಯಾರು ಎಂದು. ಇವತ್ತು ಕಾಲೇಜಿನ ಪ್ರಾಂಶುಪಾಲರಿಗೂ ಹೇಳಿ ಶಾಲು ವಾಪಸು ಕೊಡಲು ಹೋದದ್ದಾಯಿತು, ಅವರು ತೆಗೆದುಕೊಳ್ಳಲಿಲ್ಲ. ಇಷ್ಟನ್ನು ವರದಿ ಒಪ್ಪಿಸುವವರ ಹಾಗೆ ಹೇಳಿದರು. ಆ ಹಾಳೆ ಇಟ್ಟಾಗ ನಿಲ್ಲಿಸಬೇಕು ಅಂತಲೇ ಇತ್ತು, ಎದುರಿಗೆ ಅಷ್ಟು ಮುಖ ಕಂಡಾಗ ಕೈ ತಾನಾಗಿ ಮುಂದಿನ ಹಾಳೆಗೆ ಹೋಯಿತು, ಅಂದಿನಿಂದ ಸರಿಯಾಗಿ ಊಟ ಸೇರಿಲ್ಲ ಎಂದೂ ಹೇಳಿದರು. ಮನೆಯ ಫೋನಿನ ವಯರು ಕಿತ್ತಿಟ್ಟವರು ಸೀತಕ್ಕ.

ಜಲಜ ತಪ್ಪಾಯಿತು ಸರ್ ಎಂದಳು. ಉಪನ್ಯಾಸದ ಹಿಂದಿನ ದಿನ ಹೇಳಬಾರದಿತ್ತು ಎಂದಳು.

ಆಗ ಅವರಿಗೆ ನಿಜವಾಗಿ ಸಿಟ್ಟು ಬಂತು. “ಶುಕ್ರವಾರ ಹೇಳಿದ್ದ್ ತಪ್ಪಲ್ಲ. ಬುಧವಾರ ಎಂತಕ್ ಹೇಳಿಲ್ಲೆ? ಬಂದೆ, ನೀರುದೋಸೆ ತಿಂದೆ, ಚೆನ್ನಾಗಿತ್ತ್ ಸರ್ ಅಂದೆ. ನಂಗೆ ಎರ್ಡ್ ದಿನ ಸಿಕ್ಕಿರೆ ನಾನೇ ಉಪನ್ಯಾಸ ಬ್ಯಾಡ ಅಂದೇಳಿ ಹೇಳ್ತಿದ್ದೆ. ಎದಿ ನೋವಿನ ಮುದ್ಕ, ತಡ್ಕಂಬುದಿಲ್ಲ ಅಂದೇಳಿ ಗ್ರಹಿಸಿದ್ಯಲ್ದಾ? ಮೂವತ್ತ್ ವರ್ಷ ಇದನ್ನೇ ತಡ್ಕಂಡ್ ಬಂದವ ನಾನ್.”

ಒಳಗಿನಿಂದ ಸೀತಕ್ಕ ಬಾಗಿಲಿಗೆ ಬಂದು ನಿಂತಿದ್ದರು. ಮಾತಾಡಬೇಡ ಎಂದವಳು ನಾನು ಎಂದು ಅವರು ಹೇಳಿದರು, ಗಂಡನ ಕಡೆ ನೋಡದೆ. ಶೆಟ್ಟರು ಇಬ್ಬರನ್ನೂ ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ರಾಜೀವ ಗಂಡ ಹೆಂಡತಿಯನ್ನು ಬಸ್ ನಿಲ್ದಾಣದವರೆಗೆ ಬಿಟ್ಟುಬಂದ.

ಸುದ್ದಿ ಊರಲ್ಲಿ ಹರಡಿತು. ಶೆಟ್ಟರ ಲೆಕ್ಕ ತಪ್ಪಂತೆ, ಶಿಷ್ಯೆಯೇ ಹಿಡಿದಳಂತೆ ಎಂದು ಕೆಲವರು ನಕ್ಕರು. ಜಲಜ ಗುರುವಿಗೇ ತಿರುಗಿದವಳು ಎಂದು ಹೇಳಿದವರೂ ಇದ್ದರು. ಅವಳ ಪ್ರಬಂಧ ಅರ್ಧಕ್ಕೆ ನಿಂತಿತು. ಆ ಮಳೆಗಾಲ ಶೆಟ್ಟರು ಅವಳೊಡನೆ ಮಾತಾಡಲಿಲ್ಲ. ಹಬ್ಬಕ್ಕೆ ಹೋದಾಗ ಸೀತಕ್ಕ ಬಾಗಿಲು ತೆಗೆದರು, ಶೆಟ್ಟರು ಕೋಣೆಯಿಂದ ಹೊರಗೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಅವರೇ ಫೋನು ಮಾಡಿದರು. ಕ್ಷೇಮ ಸಮಾಚಾರ ಏನಿಲ್ಲ. ವೃತ್ತದ ಕಡಿತ ಬಂದಾಗ ಮಡಿಕೆಗೆರೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನೇ ಲೆಕ್ಕಕ್ಕೆ ಹಿಡಿದರೆ ಹೇಗೆ ಎಂದು ಕೇಳಿದರು.

ಪೂರ್ತಿ ಪ್ರಮೇಯ ಅವರಿಗೆ ದಕ್ಕಲಿಲ್ಲ. ಮೇಲೊಂದು ಷರತ್ತು ಹಾಕಿ ಸಣ್ಣದೊಂದನ್ನು ಸಾಧಿಸಿದರು, ಅದರ ಮೇಲೆ ಜಲಜಳಿಗೆ ೨೦೦೯ರಲ್ಲಿ ಪದವಿ ಬಂತು. ಶೆಟ್ಟರು ಈಗಲೂ ದೊಡ್ಡ ಪ್ರಶ್ನೆಯನ್ನು ಬಿಟ್ಟಿಲ್ಲ. ಹೊಸ ದಾರಿ ಹೊಳೆದರೆ ಬೆಳಿಗ್ಗೆಯೇ ಫೋನು ಮಾಡುತ್ತಾರೆ. ಜಲಜ ಬಿಡುವಾದಾಗ ಕೂತು ನೋಡುತ್ತಾಳೆ, ತಪ್ಪು ಕಂಡರೆ ಅವಳ ಎದೆ ಇವತ್ತಿಗೂ ಹೊಡೆದುಕೊಳ್ಳುತ್ತದೆ. ಆದರೂ ಆಗಲೇ ಫೋನು ಎತ್ತಿಕೊಂಡು ಬ್ರಹ್ಮಾವರದ ನಂಬರು ಒತ್ತುತ್ತಾಳೆ.